ನಾವು ನಾಲ್ವರು ಗಂಡು ನೋಡಲು ಹೋದದ್ದು

ಮಾನ್ಯ ಓದುಗರೇ,

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ. ಕಾಗುಣಿತ ಅದಕ್ಕಿಂತಲೂ ಒಂದು ಕೈ ಮುಂದೆ. ದಯಮಾಡಿ ಕ್ಷಮಿಸಬೇಕಾಗಿ ಕೋರುತ್ತೇನೆ. ನಾನು ಹಿಂದೆಂದೂ ಪತ್ರಿಕೆಗೆ ಬರೆದವಳಲ್ಲ. ನನ್ನ ಬರವಣಿಗೆಯ ಅನುಭವವೆಲ್ಲ ನಮ್ಮ ಯಜಮಾನರ ರಜಾ ಅರ್ಜಿಗಳಿಗೆ ಸೀಮಿತವಾಗಿರುತ್ತದೆ. ಭಾನುವಾರ ಅವರು ಕುಡಿಯತಕ್ಕದ್ದು. ಸೋಮವಾರ ಬೆಳಿಗ್ಗೆ ನಾನು "ತೀವ್ರ ಹೊಟ್ಟೆನೋವಿನ ನಿಮಿತ್ತ" ಎಂದು ಬರೆದು ಅವರ ಕಚೇರಿಗೆ ಕಳುಹಿಸತಕ್ಕದ್ದು. ಇದು ಗುಬ್ಬಿಯ ನಮ್ಮ ಮನೆಯಲ್ಲಿ ಜಾರಿಯಲ್ಲಿದ್ದ ನಿಯಮ.

ನಮ್ಮ ಬೀದಿಗೆ ಮೊದಲ ಟೀವಿ ಬರುವುದಕ್ಕೆ ಮುಂಚಿನ ಮಾತು. ಒಂದು ದಿನ ಸಾಹೇಬರು ಯಜಮಾನರನ್ನು ಕರೆದು, "ಇನ್ನೊಂದ್ ಸಲ ಹೊಟ್ಟೆನೋವು ಬಂದ್ರೆ ಆಫೀಸಿಗೇ ಬರಬೇಡಿ ಕಣ್ರೀ" ಎಂದರು. ನೌಕರಿ ಹೋಗುವ ಮಾತು! ನಾನು ಕಣ್ಣೀರು ಹಾಕಿದ್ದನ್ನು ಕಂಡು ಪರಿಚಯದ ನರ್ಸಮ್ಮ ಒಂದು ದಾರಿ ತಿಳಿಸಿದರು. ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ತುಮಕೂರಿನಲ್ಲಿ ಪ್ರತಿ ಭಾನುವಾರ ಸಭೆ ಸೇರುತ್ತಾರಂತೆ. ಬಸ್‌ಸ್ಟ್ಯಾಂಡಿನ ಹಿಂದಿನ ಶಾಲೆ. ಬೋರ್ಡಿಲ್ಲ. ಬಾಗಿಲಲ್ಲಿ ಟೀ ಕೆಟಲ್ ಇಟ್ಟಿರುತ್ತಾರೆ, ಅದೇ ಗುರುತು. ಮನೆಯವರೂ ಜೊತೆಗೆ ಕೂರಬಹುದು.

ಯಜಮಾನರು ಒಂದೇ ಷರತ್ತಿನ ಮೇಲೆ ಒಪ್ಪಿದರು. "ಗುಬ್ಬೀಲಿ ಒಂದು ನರಪಿಳ್ಳೆಗೂ ಗೊತ್ತಾಗಬಾರದು. ಗೊತ್ತಾದ್ರೆ ಅಲ್ಲಿಂದಲೇ ವಾಪಸ್!"

"ಅದೆಲ್ಲಾ ನಂಗೆ ಬುಡಿ" ಎಂದೆ. ಗುಟ್ಟು ಕಾಪಾಡುವುದರಲ್ಲಿ ನನ್ನನ್ನು ಮೀರಿಸುವವರು ತಾಲ್ಲೂಕಿನಲ್ಲೇ ಇಲ್ಲವೆಂಬುದು ನನ್ನ ಅಂದಿನ ಅಭಿಪ್ರಾಯವಾಗಿತ್ತು.

ಬಸ್ಸಿನಲ್ಲಿ ಕೂತಿದ್ದೇ ತಡ, ಎದುರುಮನೆಯ ಗೌರಮ್ಮನವರು ಹತ್ತಿದರು!

"ಏನ್ ಜಯಾ, ಗಂಡ ಹೆಂಡ್ತಿ ಜೋಡಿ ಎತ್ಲಾಗೆ?"

"ಕುಣಿಗಲ್ ನಾದಿನಿಗೆ ಗಂಡು ನೋಡೋಕೆ, ಗೌರಕ್ಕ" ಎಂದುಬಿಟ್ಟೆ.

"ಅಯ್ಯೋ, ಒಳ್ಳೇ ಕೆಲ್ಸಕ್ಕೆ ಹಿರೀ ಹೆಂಗಸಿಲ್ದೆ ಹೋಗ್ತಾರೇನೇ? ನಾನೂ ಬತ್ತೀನಿ" ಎಂದವರು, ನಮ್ಮನ್ನು ಎಣಿಸಿ ತಾವೇ ಬೆಚ್ಚಿದರು. "ಮೂರು ಜನ ಆಗ್ಬುಟ್ವಲ್ಲೇ! ಮೂವರು ಹೋಗಬಾರ್ದು!" ಹಿಂದಿನ ಸೀಟಿನಲ್ಲಿ ಬಳೆ ಅಂಗಡಿಯ ಖಾದರ್ ಸಾಬರು ಮಾಲು ತರಲು ಹೊರಟಿದ್ದರು. "ಸಾಬ್ರೇ, ಒಂದು ಗಂಡು ನೋಡೋದೈತೆ, ಬನ್ನಿ."

"ನಡೀರಮ್ಮಾ, ಅದ್ಕೇನಂತೆ" ಎಂದರು ಸಾಬರು. ನಾಲ್ವರಾದೆವು.

"ಇಳಿದ ತಕ್ಷಣ ನಾನು ವಾಪಸ್ ಬಸ್ ಹತ್ತುತೀನಿ" ಎಂದು ಯಜಮಾನರು ನನ್ನ ಕಿವಿಯಲ್ಲಿ ಸೂಚನೆ ನೀಡಿದರು.

ತುಮಕೂರಿನಲ್ಲಿ ಗೌರಮ್ಮ ಬಾಳೆಹಣ್ಣು, ವೀಳ್ಯದೆಲೆ, ಹೂವು ಕೊಂಡರು. ನಾನು ಯಜಮಾನರನ್ನು ಅಂಗಿ ಹಿಡಿದು ಶಾಲೆಗೆ ಎಳೆದೆ. ಬಾಗಿಲಲ್ಲಿ ಕೆಟಲ್! ಒಳಗೆ ಗಂಡಸರು ಸಾಲಾಗಿ ಬೆಂಚಿನ ಮೇಲೆ ಮುಖ ಮೇಲೆತ್ತಿ, ಕಣ್ಣು ಮುಚ್ಚಿ ಕೂತಿದ್ದರು. ಪಶ್ಚಾತ್ತಾಪವೆಂದರೆ ಇದೇ ಎಂದು ಭಾವಿಸಿ ಯಜಮಾನರನ್ನು ಒಳಕ್ಕೆ ನೂಕಿದೆ. ಬಿಳಿ ಕೋಟಿನವರೊಬ್ಬರು ಅವರನ್ನು ಕೂರಿಸಿ, ಎರಡೂ ಕಣ್ಣಿಗೆ ಹನಿ ಬಿಟ್ಟರು.

ಅದು ಉಚಿತ ಕಣ್ಣಿನ ಶಿಬಿರವಾಗಿತ್ತು!

ಸ್ವಲ್ಪ ಹೊತ್ತಿಗೆಲ್ಲ, "ಜಯಾ, ಎಲ್ಲಾ ಮಂಜುಮಂಜು ಕಣೇ!" ಎಂದರು. ವಾಪಸ್ ಬಸ್ಸಿನ ಬೋರ್ಡು ಹಾಗಿರಲಿ, ಬಸ್ಸೇ ಕಾಣದ ಸ್ಥಿತಿ. ಓಡಿಹೋಗುವ ಯೋಜನೆ ಸದರಿ ಹನಿಗಳಿಂದಾಗಿ ರದ್ದಾಯಿತು.

"ಗಂಡು ನೋಡೋಕೆ ಬಂದು ಕಣ್ಣೇ ಕಳ್ಕೊಂಡ್ನಲ್ಲೇ ನಿನ್ ಗಂಡ!" ಎಂದರು ಗೌರಮ್ಮ. ಸಾಬರು ಕೈ ಹಿಡಿದು ನಡೆಸಿದರು. ಅಂಗಳದಾಚೆಯ ಕೋಣೆಯ ಬಾಗಿಲಲ್ಲಿ ಇನ್ನೊಂದು ಕೆಟಲ್ ಸಿಕ್ಕಿತು. ಒಳಗೆ ಕೂರಿಸಿದ ಮೇಲೆ, "ಅವರಿಬ್ರೂ ಹೊರಗೇ ನಿಂತವ್ರೆ" ಎಂದು ಯಜಮಾನರಿಗೆ ಪಿಸುಗುಟ್ಟಿದೆ. ಇಬ್ಬರೂ ನಮ್ಮ ಹಿಂದಿನ ಬೆಂಚಿನಲ್ಲೇ ಇದ್ದರು!

ಒಬ್ಬರು ಎದ್ದು ಹೆಸರು ಹೇಳಿ, "ನಾನು ಕುಡುಕ. ಹೆಂಡ್ತಿ ಒಡವೆ ಮಾರಿ ಕುಡಿದೆ. ಈಗ ಬಿಟ್ಟಿದೀನಿ" ಎಂದರು. ಇನ್ನೊಬ್ಬರು ಎದ್ದರು. ಅವರೂ ಕುಡುಕರೇ! ಗೌರಮ್ಮ ಹಿಂದಿನಿಂದ ತಿವಿದರು. ಗುಟ್ಟು ರಟ್ಟಾಯಿತೆಂದುಕೊಂಡೆ.

"ಯಾವನಾದ್ರೂ ಸರಿ ಕಣೇ, ಈ ಮನೆತನ ಮಾತ್ರ ಬುಡಬೇಡ" ಎಂದು ಕಿವಿಗೆ ಉಸುರಿದರು. "ನನ್ ಮದ್ವೇಲಿ ಒಬ್ಬರಾದ್ರೂ ಹಿಂಗೆ ಮೊದಲೇ ಹೇಳಿದ್ರಾ?"

ಅಷ್ಟರಲ್ಲಿ ಯಜಮಾನರು ಬೆಂಚು ತಡವುತ್ತಾ ಎದ್ದರು. "ನನ್ ಹೆಸರು ಪುಟ್ಟಸ್ವಾಮಿ. ನಾನೂ ಕುಡೀತೀನಿ. ನಮ್ಮೂರಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗದಂಗೆ ನನ್ ಹೆಂಡ್ತಿ ನೋಡ್ಕೊಂಡವ್ಳೆ. ಅವಳಿಗೂ ಸಾಕಾಗೈತೆ, ನಂಗೂ ಸಾಕಾಗೈತೆ."

"ಬೀದಿಗೆಲ್ಲಾ ಗೊತ್ತು ಕಣಪ್ಪಾ!" ಎಂದರು ಹಿಂದಿನ ಬೆಂಚಿನಿಂದ ಗೌರಮ್ಮ. "ಸೋಮವಾರ ಬೆಳಿಗ್ಗೆ ಜಯಾ ನಮ್ಮನೇಗೆ ಪೆನ್ನು ಕೇಳೋಕೆ ಬಂದ್ಲು ಅಂದ್ರೆ ನಿಂಗೆ ಹೊಟ್ಟೆನೋವು ಅಂತ ತಿಳ್ಕೊತಿದ್ವಿ!"

"ನಾನೇ ಎರಡು ಸಲ ಸೈಕಲ್ ಮೇಲೆ ತಂದು ಮನೆಗೆ ಬಿಟ್ಟಿದೀನಿ ಸ್ವಾಮಿ" ಎಂದರು ಸಾಬರು ಮೆಲ್ಲಗೆ. "ನಿಮಗೆ ಜ್ಞಾಪಕ ಇಲ್ಲ."

ಷರತ್ತು ಮುರಿದಿತ್ತು. ನಾನು ಬಾಗಿಲ ಕಡೆ ನೋಡಿದೆ, ನೌಕರಿಯೂ ಅದರಲ್ಲೇ ಹೊರಟಂತೆ ಕಂಡಿತು. ಯಜಮಾನರು ಕೈಯಿಂದ ಬೆಂಚು ಹುಡುಕಿದರು. ಆಮೇಲೆ ಕೂತರು.

"ಎಲ್ರಿಗೂ ಗೊತ್ತಿದ್ದ ಮೇಲೆ ಇನ್ನೇನು? ಟೀ ಕೊಡಿ" ಎಂದರು.

ಗೌರಮ್ಮನ ಬಾಳೆಹಣ್ಣನ್ನು ಸಭೆಗೆಲ್ಲ ಹಂಚಲಾಯಿತು. ಅಂದಿನಿಂದ ಯಜಮಾನರು ಭಾನುವಾರದ ಸಭೆ ತಪ್ಪಿಸಿಲ್ಲ. ರಜಾ ಅರ್ಜಿಗಳು ನಿಂತಿವೆ. ಕೈ ಸುಮ್ಮನಿರಲೊಲ್ಲದೆ ಈ ಲೇಖನ ಬರೆದಿರುತ್ತೇನೆ. ಇದಕ್ಕಾಗಿ ಮೊನ್ನೆ ಪೆನ್ನು ಕೇಳಲು ಹೋದಾಗ ಗೌರಮ್ಮ ಎದೆ ಹಿಡಿದುಕೊಂಡು, "ಮತ್ತೆ ಹೊಟ್ಟೆನೋವೇನೇ?" ಎಂದರು. ಸಂಜೆಯೊಳಗೆ ಬೀದಿಯವರೆಲ್ಲ ಯಜಮಾನರ ಮುಖ ನೋಡಿ ಹೋದರು!

ಕೊನೆಯದಾಗಿ, ಇದರಲ್ಲಿ ತಪ್ಪುಗಳು ಕಂಡುಬಂದಲ್ಲಿ ತಾವೇ ತಿದ್ದಿಕೊಂಡು ಓದಬೇಕಾಗಿ ವಿನಂತಿ. "ಹೊಟ್ಟೆನೋವು" ಎಂಬ ಒಂದು ಪದವನ್ನು ಮಾತ್ರ ತಿದ್ದುವ ಅಗತ್ಯವಿರುವುದಿಲ್ಲ. ಅದರಲ್ಲಿ ನನಗೆ ಸಾಕಷ್ಟು ಸೇವಾನುಭವವಿದೆ.