ಗಾಲಿ ಇಲ್ಲದ ಗಾಡಿಯ ಡ್ರೈವರ್

ರಜೆಗೆ ನಮ್ಮೂರು ಜೈನಾಪುರಕ್ಕೆ ಬಂದಾಗೆಲ್ಲ ಏನಾದರೊಂದು ಪೇಚು ನನಗೆ ಗಂಟುಬೀಳುತ್ತದೆ. ತಪ್ಪು ನನ್ನದಲ್ಲ, ನೌಕರಿಯದು. ಗುಜರಾತದ ಕಡಲ ದಂಡೆಯಲ್ಲಿ ನಾನು ಹೋವರ್‌ಕ್ರಾಫ್ಟ್ ಹೊಡೆಯುತ್ತೇನೆ. ಅಡಿಗೆ ರಬ್ಬರಿನ ಲಂಗ, ಹಿಂದೆ ಆಳೆತ್ತರದ ಫ್ಯಾನು. ಗಾಳಿಯ ಮೇಲೆ ಕೂತು ಕೆಸರಿನ ಮೇಲೆ ತೇಲಿಹೋಗುತ್ತದೆ. ಸಮುದ್ರ ಇಳಿದಾಗ ಕೆಸರಲ್ಲಿ ಹೂತವರನ್ನು, ನೀರು ಮತ್ತೆ ಏರುವುದರೊಳಗೆ ಎತ್ತಿ ತರುವುದು ನಮ್ಮ ಕೆಲಸ. ಬಬಲೇಶ್ವರ, ತಿಕೋಟಾ ಎರಡೂ ಸೀಮೆಯಲ್ಲಿ ಇದನ್ನು ಹೊಡೆಯುವವನು ನಾನೊಬ್ಬನೇ. ಬೇಕಾದರೆ ವಿಚಾರಿಸಿ.

೧. ಸಮುದ್ರದ ಪಾಳಿ

ತಿಕೋಟಾದ ಚಾದಂಗಡಿಯಲ್ಲಿ ವಿಜಯಪುರದ ನಮ್ಮ ಸೋದರಮಾವ ಸಿಕ್ಕ. ಅವನ ಓಣಿಗೆ ನಳದ ನೀರು ಬರುವುದು ಪಾಳಿಯ ಮೇಲೆ. ಸಮುದ್ರ ದಿನಕ್ಕೆ ಎರಡು ಸಲ ಹಿಂದೆ ಹೋಗಿ ಎರಡು ಸಲ ಬರುತ್ತದೆ ಎಂದೆ. ಮಾವ ಕಪ್ಪು ಕೆಳಗಿಟ್ಟ.

"ದಿನಾ ಎರಡು ಸಲ? ಯಾರೂ ಹೋಗಿ ಜಗಳಾ ಮಾಡದನ?"

"ತಾನs ಬರ್ತೈತಿ ಮಾವಾ."

"ಅಲ್ಲಿ ನೀರು ಬಿಡಾವ ಭಾಳ ಛಲೋ ಮನಿಷ್ಯಾ ಅದಾನ ಬಿಡು."

೨. ನಿಂಬೆಹಣ್ಣು

ನಮ್ಮ ಠಾಣೆಗೆ ಹೊಸ ಹೋವರ್‌ಕ್ರಾಫ್ಟ್ ಬಂತೆಂದು ಅವ್ವ ನಿಂಬೆಹಣ್ಣು, ಕುಂಕುಮ ಕಟ್ಟಿಕೊಟ್ಟಳು. "ಗಾಲಿ ಅಡಿಯಾಗಿಟ್ಟು ದಾಟಿಸು."

"ಅವ್ವಾ, ಇದಕ್ಕ ಗಾಲಿನ ಇಲ್ಲ."

"ಹಂಗಾರ ಲಂಗದ ಅಡಿಯಾಗ ಇಡು."

ಗುಜರಾತಕ್ಕೆ ಮರಳಿ ಹಾಗೇ ಇಟ್ಟೆ. ಎಂಜಿನ್ ಚಾಲೂ ಮಾಡಿದ್ದೇ ತಡ, ನಿಂಬೆಹಣ್ಣು ಗುಂಡಿನಂತೆ ಹಾರಿ ನಮ್ಮ ಠಾಣೆಯ ಸಾಹೇಬರ ಹೊಟ್ಟೆಗೆ ಬಡಿಯಿತು. ಕುಂಕುಮ ಎದ್ದು, ಸಾಲಾಗಿ ನಿಂತವರ ಮುಖವೆಲ್ಲ ಕೆಂಪು. ಫೋನಿನಲ್ಲಿ ಅವ್ವನಿಗೆ ಹೇಳಿದೆ.

"ಎಲ್ಲಾರಿಗೂ ಮುಟ್ಟಿತಲ್ಲ," ಅಂದಳು, "ಅಷ್ಟs ಸಾಕ."

೩. ಹೆಣ್ಣು ನೋಡಿದ್ದು

ಕನಮಡಿಯ ಹುಡುಗಿ ನನಗೆ ಫೋಟೋದಲ್ಲೇ ಹಿಡಿಸಿದ್ದಳು. ಅವಳಪ್ಪನದೇ ತಕರಾರು: "ಗಾಲಿ ಇಲ್ಲದ ಗಾಡಿ ಹೊಡಿಯಾವಗ ಹೆಂಗ ಹೆಣ್ಣು ಕೊಡೂದ್ರಿ?" ಕೊನೆಗೆ ನನ್ನ ಕೆಲಸ ಎಂಥದ್ದೆಂದು ತೋರಿಸಲು ಎರಡೂ ಮನೆಯವರು ಭೂತನಾಳ ಕೆರೆಯ ದಂಡೆಯಲ್ಲಿ ಸೇರಿದೆವು. ಬೇಸಿಗೆ; ನೀರು ಸರಿದು ಕರಿ ಕೆಸರು ಬಿದ್ದಿತ್ತು. ನನಗೆ ಇಷ್ಟೇ ಸಾಕಿತ್ತು.

"ಕೆಸರಾಗ ಸಿಕ್ಕರ ಒದ್ದಾಡಬಾರದ್ರಿ," ಎಂದು ಶುರು ಮಾಡಿದೆ. "ಒದ್ದಾಡಿದಷ್ಟೂ ಒಳಗ ಎಳಿತೈತಿ. ನನಗ ಕೆಸರಂದ್ರ ಮನಿ ಅಂಗಳ ಇದ್ದಂಗ. ನೋಡ್ರಿ."

ನಾಲ್ಕು ಹೆಜ್ಜೆ ಹಾಕಿದೆ. ಐದನೆಯದಕ್ಕೆ ಸೊಂಟದ ತನಕ ಹೋದೆ. ಇಸ್ತ್ರಿ ಪ್ಯಾಂಟು, ಹೊಸ ಬೂಟು, ಮದುವೆ, ಎಲ್ಲ ಒಟ್ಟಿಗೇ. ಒಂದು ಕಾಲು ಎಳೆದರೆ ಇನ್ನೊಂದು ಇಳಿಯುತ್ತಿತ್ತು.

"ಒದ್ದಾಡಬ್ಯಾಡ್ರಿ," ಹುಡುಗಿ ದಂಡೆಯಿಂದ ಕೂಗಿದಳು. "ಈಗರ ನೀವs ಹೇಳಿದ್ರೆಲ್ಲಾ."

ಏರಿಯ ಮೇಲೆ ಒಂದು ಬಂಡಿ ನಿಂತಿತ್ತು. ಅವಳು ಅದರಿಂದ ಕಣಿಕಿಯ, ಅಂದರೆ ಜೋಳದ ಒಣ ದಂಟಿನ, ಸೂಡುಗಳನ್ನು ಇಳಿಸಿ ಕೆಸರಿಗೆ ಹಾಸಿದಳು, ಸೀರೆ ಕಚ್ಚೆ ಹಾಕಿ ಅವುಗಳ ಮೇಲೆ ನಡೆದು ಬಂದಳು, ಬಂಡಿಯ ಹಗ್ಗ ನನ್ನ ಕಂಕುಳಿಗೆ ಸುತ್ತಿದಳು. ಎರಡೂ ಮನೆಯವರು ಎಳೆದರು. ನಾನು ಬಂದೆ, ಬೂಟು ಇನ್ನೂ ಅಲ್ಲೇ ಇದೆ.

ಅವಳಪ್ಪ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. ಸಂಬಂಧ ಮುರಿಯಿತು ಅಂದುಕೊಂಡೆ.

"ಏನ್ ಮಾಡೂಣು ಬೇ?" ಎಂದು ಮಗಳನ್ನು ಕೇಳಿದ.

ಅವಳು ಕೈಯ ಕೆಸರು ಜಾಡಿಸುತ್ತ ಅಂದಳು:

"ಹೂಂ ಅನ್ನಪ್ಪಾ. ಗಾಡಿ ಇವ್ರು ಹೊಡೀಲಿ, ಸಿಕ್ಕರ ತಗಿಯೂದು ನಾ ನೋಡ್ಕೋತೇನಿ."