ಐದು ಬುಟ್ಟಿ ಬುತ್ತಿಯೂ ಹಿಂದಕ್ಕೆ ಕುಂತ ಕಾರೂ

ಟಂಟಂ ಕರೆಸುವುದಿಲ್ಲ ಎಂದರೆ ಕರೆಸುವುದಿಲ್ಲ! ಮನೆ ಮುಂದೆ ಸ್ವಂತ ಕಾರು ನಿಂತಿರುವಾಗ ಬಸುರಿ ನಾದಿನಿ ರೇಷ್ಮಾಳ ಕುಬಸದ ಬುತ್ತಿ ಅವಳ ಗಂಡನ ಊರು ಅನಗವಾಡಿಗೆ ಬಾಡಿಗೆಯ ಮೂರು ಗಾಲಿಯ ಮೇಲೆ ಹೋಗುವುದೇ? ರಬಕವಿಯ ಹೈಸ್ಕೂಲಿನಲ್ಲಿ ಹದಿನಾರು ವರ್ಷ ವಿಜ್ಞಾನ ಕಲಿಸಿದ ಶಶಿಕಾಂತ ಮಾಸ್ತರನ, ಅಂದರೆ ನನ್ನ, ಮಾನ ಏನಾಗಬೇಕು?

"ರೀ, ಬುತ್ತಿ ಐದು ಬುಟ್ಟಿ ಆಗತೈತಿ. ಮಾಳುಗ ಒಂದು ಫೋನ್ ಮಾಡ್ರಿ, ಟಂಟಂ ತರತಾನ," ಎಂದಳು ಹೆಂಡತಿ ರಂಜನಾ.

"ಬುತ್ತಿ ಟಂಟಂದಾಗ ಹೋದ್ರ ನನ್ನ ಮಾನ ಹೋಗತೈತಿ! ಕಾರಿಗೆ ಸ್ಪ್ರಿಂಗ್ ಯಾಕ ಕೊಟ್ಟಾರ? ಭಾರ ಹಾಕಿದ್ರ ಬಗ್ಗತೈತಿ, ತಗದ್ರ ಎದ್ದ ನಿಲ್ಲತೈತಿ. ವರ್ಷಾ ವರ್ಷಾ ಇದನ್ನ ಪಾಠ ಮಾಡತೇನಿ ನಾ."

"ಬಗ್ಗಿ ಬಗ್ಗಿ ನೆಲಕ್ಕ ಹತ್ತಿದ್ರ?"

"ಅದು ಪಾಠದಾಗ ಇಲ್ಲ!"

ರಂಜನಾ ಫೋನ್ ತೆಗೆದುಕೊಂಡು ಒಳಗೆ ಹೋದಳು. ಗೆದ್ದೆ ಅಂದುಕೊಂಡೆ.

ಕಾರಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಮುಧೋಳದಿಂದ ತಂದ ಸೆಕೆಂಡ್ ಹ್ಯಾಂಡ್ ಗಾಡಿ. ಆ ಊರಿನ ಬೇಟೆನಾಯಿಯ ಹಾಗೆಯೇ ಉದ್ದ ಮೈ, ಎತ್ತಿದ ನಡು. ಅದನ್ನು ಓಡಿಸುವುದು ನಾನೇ. ರಂಜನಾಳಿಗೂ ಲೈಸೆನ್ಸ್ ಇದೆ. ಆಕೆಗೆ ಮೊದಲನೇ ಸಲಕ್ಕೇ ಸಿಕ್ಕಿತು, ನನಗೆ ಮೂರನೇ ಸಲಕ್ಕೆ. ಆ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಹೊರಡುವ ಮೊದಲು ಅತ್ತೆ ಪದ್ಮವ್ವ ನನ್ನನ್ನು ಪಕ್ಕಕ್ಕೆ ಕರೆದರು. "ಅಳ್ಯಾರ, ಹೋಗೂಮುಂದ ಹೆಂಗರ ಹೋಗ್ರಿ. ಬರೂಮುಂದ ನನ್ನ ಮಗಳು ಕಾರಿನ್ಯಾಗ ಇರತಾಳ. ಏಳು ತಿಂಗಳ ಬಸುರಿ. ಕುಲುಕಬಾರದಂತ ಡಾಕ್ಟರು ಹೇಳ್ಯಾರ. ತೊಟ್ಟಲದಾಗ ಇಟ್ಟಂಗ ತರಬೇಕು."

"ನಾ ಅದೀನಲ್ರಿ ಅತ್ತಿ!" ಎಂದು ಎದೆ ಮುಟ್ಟಿಕೊಂಡೆ.

ಆಮೇಲೆ ಬುತ್ತಿ ಹೊರಗೆ ಬಂತು. ದೇವರೇ, ಅದೇನು ಬುತ್ತಿ! ಸಜ್ಜಿ ರೊಟ್ಟಿ ಮಂಡಿಯೆತ್ತರ. ಶೇಂಗಾ ಹೋಳಿಗೆ, ಕರಚಿಕಾಯಿ, ಮಾದ್ಲಿ, ಐದು ತರದ ಉಂಡಿ, ಗುರೆಳ್ಳು ಚಟ್ನಿ, ಎಣ್ಣೆಗಾಯಿ. ಮೇಲೆ ತೆಂಗಿನಕಾಯಿ ಚೀಲ. ಇಡೀ ಅನಗವಾಡಿ ಉಂಡು, ಮಿಕ್ಕಿದ್ದನ್ನು ಬೀಳಗಿಗೆ ಕಳಿಸಬಹುದಿತ್ತು! ಮೂರು ದಿನ ಒಲೆ ಮುಂದೆ ಕೂತು ಇಷ್ಟನ್ನು ಮಾಡಿದವರು ಇಬ್ಬರೇ ಹೆಂಗಸರು. ನಾನು ಬಾಯಿ ತೆರೆದು ನಿಂತುಬಿಟ್ಟೆ.

ಡಿಕ್ಕಿಯಲ್ಲಿ ಮೂರು ಬುಟ್ಟಿ, ಹಿಂದಿನ ಸೀಟಿನಲ್ಲಿ ಎರಡು, ಅವುಗಳ ನಡುವೆ ಅತ್ತೆ. ಅತ್ತೆ ಕೂತದ್ದೇ ತಡ, ಕಾರು 'ಉಸ್ಸ್' ಎಂದಿತು. ಹಿಂದಿನ ಗಾಲಿಗಳು ಅರ್ಧ ಮರೆಯಾದವು. ಮೂತಿ ಮೇಲೆದ್ದಿತು. ಸ್ಟೇರಿಂಗ್ ಹಿಡಿದು ನೋಡಿದರೆ ಎದುರಿಗೆ ರಸ್ತೆಯೇ ಇಲ್ಲ, ಬರೀ ಆಕಾಶ!

ಮೊದಲನೇ ರಸ್ತೆಯುಬ್ಬಿಗೇ, ನಮ್ಮ ಬಾಯಲ್ಲಿ ಹಂಪಿಗೇ, 'ಕರ್‍ರ್‍ರ್' ಎಂದು ತಳ ಉಜ್ಜಿತು. ಆ ಸದ್ದು ನನ್ನ ಹಲ್ಲಿಗೆ ಬಂದು ಮುಟ್ಟಿತು.

"ಪಾಠದಾಗ ಇಲ್ಲದ್ದು ಬಂತೇನ್ರಿ?" ಎಂದಳು ರಂಜನಾ.

ಮುಂದಿನ ಹಂಪಿಗೆ ಹೊಸ ವಿಧಾನ ಕಂಡುಹಿಡಿದೆ. "ಹಂಪ್ ಬಂತು, ಇಳೀರಿ!" ಎಂದು ಕೂಗುವುದು, ಇಬ್ಬರೂ ಇಳಿಯುವುದು, ಕಾರು ದಾಟುವುದು, ಇಬ್ಬರೂ ಹತ್ತುವುದು. ಜಮಖಂಡಿ ದಾಟುವುದರೊಳಗೆ ಅತ್ತೆ ಒಂಬತ್ತು ಸಲ ಇಳಿದು ಹತ್ತಿದರು. ಅರವತ್ತೆರಡರ ವಯಸ್ಸು, ಒಂದು ಮಾತು ಬೈಯಲಿಲ್ಲ. ಹತ್ತುವಾಗಲೆಲ್ಲ "ಬೀರಪ್ಪಾ" ಎನ್ನುತ್ತಿದ್ದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಎರಡು ಟ್ರೇಲರ್ ಕಬ್ಬು ಎಳೆಯುತ್ತಿದ್ದ ಟ್ರ್ಯಾಕ್ಟರಿನವನೊಬ್ಬ ನಮ್ಮನ್ನು ಹಿಂದೆ ಹಾಕುತ್ತ ಬಗ್ಗಿ ನೋಡಿದ. ಮೂತಿ ಎತ್ತಿ ಓಡುವ ವಿದ್ಯೆಯಲ್ಲಿ ಪಳಗಿದ ಮನುಷ್ಯ ಅವನು!

"ಸರ, ಎಷ್ಟ ಟನ್ ಐತ್ರಿ? ಫ್ಯಾಕ್ಟರಿ ಹಾದಿ ಹಿಂದ ಉಳೀತು!"

ಅನಗವಾಡಿ ಮುಟ್ಟಿದಾಗ ಬೀಗರಾದ ಜಕ್ಕಪ್ಪನವರು ಕೈಮುಗಿಯಲು ಬಂದವರು ಕಾರು ನೋಡಿ ನಿಂತುಬಿಟ್ಟರು. "ಮಾಸ್ತರ, ಗಾಡಿ ನಾಯಿ ಕುಂತಂಗ ಕುಂತೈತಲ್ರಿ!"

ಬುಟ್ಟಿ ಒಂದೊಂದಾಗಿ ಇಳಿದಂತೆ ಕಾರು ಬೆರಳು ಬೆರಳು ಮೇಲೆದ್ದಿತು. ಐದನೆಯದು ಇಳಿದಾಗ ನೆಟ್ಟಗೆ ನಿಂತಿತು. ಅಷ್ಟು ತಿಂದೂ ಮುರಿಯದ ಆ ಸ್ಪ್ರಿಂಗಿನ ಮೇಲೆ ನನಗೆ ಭಕ್ತಿಯೇ ಬಂತು. "ನೋಡಿದ್ರೇನ್ರಿ? ಇದಕ್ಕ ಸ್ಪ್ರಿಂಗ್ ಅಂತಾರ!" ಎಂದು ಬೀಗರ ಮಂದಿಯನ್ನೆಲ್ಲ ಕೂಡಿಸಿ ಪಾಠ ಮಾಡಿದೆ. ರಂಜನಾ ದೂರದಿಂದ ನೋಡುತ್ತಿದ್ದಳು.

ಕುಬಸ ಚೆಂದವಾಗಿ ಆಯಿತು. ಹಸಿರು ಸೀರೆ ಉಟ್ಟು, ಮೊಣಕೈತನಕ ಬಳೆ ತೊಟ್ಟು ಕೂತ ರೇಷ್ಮಾಳನ್ನು ನೋಡಿ ನನಗೇ ಕಣ್ಣು ತುಂಬಿತು. ಇವಳು ಸಾಲಿಗೆ ಹೋಗುವಾಗಿನಿಂದ ಕಂಡ ಹುಡುಗಿ. ಈಗ ಅವಳನ್ನೂ ಅವಳ ಹೊಟ್ಟೆಯಲ್ಲಿನ ಕೂಸನ್ನೂ ಕುಲುಕದೆ ಮನೆ ಮುಟ್ಟಿಸುವುದು ನನ್ನ ಪಾಲಿನ ಕೆಲಸ. ಬರುವಾಗ ಬುತ್ತಿ ಇರುವುದಿಲ್ಲ, ಕಾರು ಹೂವಿನಂತೆ ಹೋಗುತ್ತದೆ ಎಂದುಕೊಂಡಿದ್ದೆ.

ಬೀಗರ ಮನೆಯಿಂದ ಬುಟ್ಟಿ ಬರಿದೇ ಬರುವುದಿಲ್ಲ ಎಂಬುದನ್ನು ಮರೆತಿದ್ದೆ!

ಬೆಳಿಗ್ಗೆ ಅತ್ತೆ ಒಬ್ಬರೇ ತಲೆ ಮೇಲೆ ಹೊತ್ತಿದ್ದ ಬುಟ್ಟಿಯನ್ನು ಈಗ ಇಬ್ಬರು ಗಂಡಸರು ಏದುಸಿರು ಬಿಡುತ್ತ ತಂದರು. ಬೆಲ್ಲದ ಪೆಂಟಿ, ಜೋಳ, ಕಡಲೆ. ಐದೂ ಬುಟ್ಟಿ ಮತ್ತೆ ಕಾರಿಗೇ ಏರಿದವು! ಹಿಂದೆ ಅತ್ತೆಯ ಪಕ್ಕದಲ್ಲಿ ರೇಷ್ಮಾ ಕೂತಳು. ಕಾರು ಮತ್ತೆ 'ಉಸ್ಸ್' ಎಂದು ಕುಂತಿತು. ತಳದಡಿ ಕೈ ಹಾಕಿ ನೋಡಿದೆ, ನಾಲ್ಕು ಬೆರಳು ಸಂದಿ. ಬಸುರಿಯನ್ನು ಹಂಪು ಹಂಪಿಗೆ ಇಳಿಸಿ ಹತ್ತಿಸುವುದು ಹೇಗೆ? ಇಳಿಸದೆ ತಳ ಬಡಿಸಿಕೊಂಡು ಹೋಗುವುದು ಹೇಗೆ? ಖರೆ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು.

"ಮಾಮಾ, ಹೊಂಡೂದಿಲ್ಲೇನ್ರಿ?" ಎಂದಳು ರೇಷ್ಮಾ ಕಿಟಕಿಯಿಂದ.

ಅಷ್ಟರಲ್ಲಿ ಪಡಪಡ ಸದ್ದು ಮಾಡುತ್ತ ಒಂದು ಟಂಟಂ ಬಂದು ನಿಂತಿತು. ಮಾಳು!

"ನೀ ಎಲ್ಲಿಂದ ಬಂದ್ಯೋ?"

"ಮುಂಜಾನಿಂದ ನಿಮ್ಮ ಹಿಂದ ಅದೀನ್ರಿ. ಅಕ್ಕಾರು ಫೋನ್ ಮಾಡಿದ್ರು."

"ಅದು ಪಾಠದಾಗ ಇಲ್ಲ ಅಂದ್ರೆಲ್ಲ, ಆವಾಗ ಮಾಡಿದ್ದು," ಎಂದಳು ರಂಜನಾ.

ನನಗೆ ಜೀವ ಬಂತು. "ಛಲೋ ಆತು! ಬುಟ್ಟಿ ಎಲ್ಲಾ ಟಂಟಂದಾಗ ಹಾಕ್ರಿ!"

"ಅಯ್ಯ, ಅದೆಂಗ? ಬುತ್ತಿ ಟಂಟಂದಾಗ ಹೋದ್ರ ಮಾನ ಹೋಗತೈತಿ ಅಂತ ನೀವ ಅಂದೀರಿ. ಬೀಗರು ಕೊಟ್ಟ ಬುತ್ತಿ, ಅವರ ಮುಂದ ಇಳಸೂದ ಬ್ಯಾಡ. ನಿಮ್ಮ ತೂಕ ಎಷ್ಟ್ರಿ?"

"ತೊಂಬತ್ತೆರಡು."

"ನಂದು ಐವತ್ತು. ನೀವು ಇಳೀರಿ. ನಾ ಸ್ಟೇರಿಂಗ್ ಹಿಡೀತೇನಿ. ನನ್ನ ಸೀಟಿನ್ಯಾಗ ಡಿಕ್ಕಿ ಬುಟ್ಟಿ ಎರಡು ಹಿಡೀತಾವ. ಹಿಂದಿನ ಭಾರ ಮುಂದಕ್ಕ ಬರತೈತಿ. ಮಾಸ್ತರು ಟಂಟಂದಾಗ ಹೋದ್ರ ಯಾರ ಮಾನಾನೂ ಹೋಗಾಂಗಿಲ್ಲ."

ಹದಿನಾರು ವರ್ಷ ಪಾಠ ಮಾಡಿದರೂ ನನ್ನ ತಲೆಗೆ ಹೊಳೆಯದ್ದನ್ನು ಈಕೆ ಸೆರಗು ಸಿಕ್ಕಿಸಿಕೊಳ್ಳುತ್ತ ಹೇಳಿ ಮುಗಿಸಿದಳು! ಬುಟ್ಟಿ ಮುಂದಕ್ಕೆ ಬಂದವು, ನಾನು ಇಳಿದೆ, ಕಾರಿನ ಹಿಂಭಾಗ ನಾಲ್ಕು ಬೆರಳು ಮೇಲೆದ್ದಿತು. ಊರ ಹೊರಗಿನ ಮೊದಲ ಹಂಪನ್ನು ರಂಜನಾ ಎಷ್ಟು ಮೆತ್ತಗೆ ದಾಟಿಸಿದಳೆಂದರೆ ಸದ್ದೇ ಬರಲಿಲ್ಲ. ಹಿಂದಿನ ಗಾಜಿನಲ್ಲಿ ರೇಷ್ಮಾ ನಗುತ್ತ ಕೈ ಬೀಸಿದಳು. ಟಂಟಂನಲ್ಲಿ ಕೂತ ನಾನು ಬೆರಗಾಗಿ ಹೆಂಡತಿಯ ದಿಕ್ಕಿಗೆ ಕೈಮುಗಿದೆ.

ಅದೇ ಹಂಪು ನಮಗೂ ಬಂತು. ಮಾಳು ಗಾಡಿ ನಿಲ್ಲಿಸಿ, ಬಗ್ಗಿ ಹಿಂದಿನ ಗಾಲಿ ನೋಡಿ, ತಲೆ ಕೆರೆದುಕೊಂಡ.

"ಸರ, ಸಿಟ್ಟಾಗಬ್ಯಾಡ್ರಿ. ಹಂಪ್ ಬಂತು, ಇಳೀರಿ!"