ಹಳ್ಳಿ ಎಡಕ್ಕೆ, ಪಟ್ಟಣ ಬಲಕ್ಕೆ

ಯಾರನ್ನಾದರೂ ನಗಿಸಬೇಕು ಎಂಬ ಆಸೆ ನನಗೆ ಯಾವತ್ತೂ ಇರಲಿಲ್ಲ. ಹುಟ್ಟಿನಿಂದಲೇ ಮುಖ ಗಂಟಿಕ್ಕಿಕೊಂಡವನು ನಾನು. ಆದರೂ ಇಂಗ್ಲಿಷ್ ಮೇಷ್ಟ್ರಾದ ತಪ್ಪಿಗೆ, ಮಂಡ್ಯ ಜಿಲ್ಲೆಯ ಯಾವ ತಾಲ್ಲೂಕಿಗೆ ವರ್ಗವಾದರೂ ಇಂಥ ಪ್ರಸಂಗಗಳು ನನ್ನ ವಿಳಾಸ ಹುಡುಕಿಕೊಂಡು ಬರುತ್ತಲೇ ಇದ್ದವು.

ಎಲ್ಲಕ್ಕೂ ಮೂಲ ಒಂದೇ ಪ್ರಬಂಧ: ಹಳ್ಳಿಯ ಬದುಕು, ಪಟ್ಟಣದ ಬದುಕು. ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಅದು ಬಂದೇ ಬರುತ್ತದೆ ಎಂದು ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಮೇಷ್ಟ್ರುಗಳೆಲ್ಲ ನಂಬಿದ್ದರು. ಅದಕ್ಕೆ ನನ್ನದೊಂದು ಸುಲಭೋಪಾಯ ಇತ್ತು. ಬೋರ್ಡಿನ ಮಧ್ಯೆ ಒಂದು ಗೆರೆ. ಎಡಕ್ಕೆ ಹಳ್ಳಿ: ಪೀಸ್‌ಫುಲ್, ಕ್ವಯಟ್, ಫ್ರೆಶ್ ಏರ್, ಫ್ರೆಂಡ್ಲಿ. ಬಲಕ್ಕೆ ಪಟ್ಟಣ: ನಾಯ್ಸಿ, ಕ್ರೌಡೆಡ್, ಡರ್ಟಿ, ಪೊಲ್ಯೂಷನ್. ಈ ಎಂಟು ಮಾತು ಬಾಯಿಪಾಠವಾದರೆ ಪಾಸಾಗುವಷ್ಟು ಬರೆಯಬಹುದು. ನಿಜವೋ ಸುಳ್ಳೋ ಎಂದು ಯಾರೂ ಕೇಳುವುದಿಲ್ಲ ಅಂದುಕೊಂಡಿದ್ದೆ.

ಒಬ್ಬ ಮನುಷ್ಯನ ನೌಕರಿಯೇ ಈ ಎಂಟು ಮಾತಿನ ಮೇಲೆ ನಿಂತಿತ್ತು. ಅವನ ಕಥೆ ಆಮೇಲೆ ಹೇಳುತ್ತೇನೆ. ಮೊದಲು ನನ್ನ ಗೋಳು.

೧. ಪೀಸ್‌ಫುಲ್

ಮೊದಲ ನೌಕರಿ ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಬೂಕನಕೆರೆ ಕಡೆಯ ಒಂದು ಹೈಸ್ಕೂಲು. ಗೆರೆ ಎಳೆದು, ಎಡಗಡೆ ಮೊದಲ ಪದ ಬರೆದು, "ಪೀಸ್‌ಫುಲ್ ಅಂದರೆ ಶಾಂತಿ, ನೆಮ್ಮದಿ. ನಿಮ್ಮೂರಲ್ಲಿ ಇರೋದು ಅದೇ" ಎಂದೆ. ಅಷ್ಟರಲ್ಲಿ ಪಕ್ಕದ ಗದ್ದೆಯಿಂದ ಕೂಗು ಕೇಳಿತು.

"ಯಾವನ್ಲಾ ಬದ ಕಡ್ದೋನು?"

"ನಾನೇ ಕಣ್ಲಾ. ಏನೀಗ?"

ಅಣ್ಣ ತಮ್ಮಂದಿರ ಬದುವಿನ ಜಗಳ. ಸ್ವಲ್ಪ ಹೊತ್ತಿಗೆ ಇಬ್ಬರೂ ತಾವು ಒಂದೇ ತಾಯಿಯ ಮಕ್ಕಳು ಎಂಬುದನ್ನು ಮರೆತು ಒಬ್ಬರ ತಾಯಿಯನ್ನು ಇನ್ನೊಬ್ಬರು ಬೈಯತೊಡಗಿದರು. ಮಕ್ಕಳ ಕತ್ತೆಲ್ಲ ಆ ಕಡೆಗೆ.

"ಕಿಟಕಿ ಹಾಕ್ರೋ" ಎಂದೆ.

"ಕಿಟ್ಕಿಗೆ ಬಾಗ್ಲೇ ಇಲ್ಲ ಸಾರ್."

ಬೇರೆ ದಾರಿ ಇಲ್ಲದೆ ನಾನು ಶಾಂತಿಯ ಪಾಠವನ್ನು ಇನ್ನಷ್ಟು ಗಟ್ಟಿಯಾಗಿ ಮಾಡಿದೆ. ಅವರೂ ಗಟ್ಟಿಯಾಗಿ ಬೈದಾಡಿದರು. ಕಡೆಗೆ ಅಣ್ಣನಾದವನು ಕೆಸರುಗಾಲಲ್ಲೇ ತರಗತಿಯ ಬಾಗಿಲಿಗೆ ಬಂದು ಕೈ ಮುಗಿದ.

"ಮೇಷ್ಟ್ರೇ, ನೀವು ಓದ್ದೋರು. ಎಲ್ಲಾ ಕೇಳುಸ್ಕೊಂಡಿದ್ದೀರಿ. ಮೊದ್ಲು ಬೈದೋನು ಯಾರು ಅಂತ ಏಳ್ಬುಡಿ."

"ನಾನು ಪಾಠ ಮಾಡ್ತಿದ್ದೆ ಕಣಪ್ಪ, ಗಮನ ಕೊಡಲಿಲ್ಲ."

ಅವನು ಬೋರ್ಡು ನೋಡಿದ. "ಅದೇನ್ ಬರ್ದಿದ್ದೀರಿ?"

ಮುಂದಿನ ಬೆಂಚಿನ ಹುಡುಗಿ ಎದ್ದು, "ನಮ್ಮೂರಲ್ಲಿ ಜಗ್ಳಾನೇ ಇಲ್ಲ ಅಂತ ಬರ್ದವ್ರೆ ದೊಡ್ಡಪ್ಪ" ಎಂದಳು. ಅವಳು ತಮ್ಮನ ಮಗಳು.

ಮೇಷ್ಟ್ರು ತಮ್ಮನ ಕಡೆ ಎಂದು ಅಣ್ಣನಿಗೆ ಖಾತ್ರಿಯಾಯಿತು. ನನಗೆ ದಿನವೂ ಹಾಲು ಬರುತ್ತಿದ್ದುದು ಅಣ್ಣನ ಮನೆಯಿಂದ. ಆ ವರ್ಷ ಪೂರ್ತಿ ಕರಿ ಕಾಫಿ ಕುಡಿದೆ.

೨. ಫ್ರೆಶ್ ಏರ್

ಅಲ್ಲಿಂದ ನಾಗಮಂಗಲ ತಾಲ್ಲೂಕಿಗೆ ವರ್ಗವಾಯಿತು. ಆದಿಚುಂಚನಗಿರಿಗೆ ಹೋಗುವ ದಾರಿಯಲ್ಲಿ ಒಳಗಿರುವ ಹಳ್ಳಿ. ಒಂದು ದಿನ ಇಲಾಖೆಯ ಸಾಹೇಬರು ತಪಾಸಣೆಗೆ ಬಂದರು. "ನಿಮಗೆ ಹಳ್ಳಿ ಇಷ್ಟವೋ, ಪಟ್ಟಣ ಇಷ್ಟವೋ?" ಎಂದು ಇಂಗ್ಲಿಷಿನಲ್ಲೇ ಕೇಳಿದರು. ನಲವತ್ತು ಮಕ್ಕಳು ಒಂದೇ ಉಸಿರಿಗೆ, "ಐ ಲೈಕ್ ವಿಲೇಜ್, ವಿಲೇಜ್ ಈಸ್ ಪೀಸ್‌ಫುಲ್, ಫ್ರೆಶ್ ಏರ್!" ಎಂದು ಚಾವಣಿ ಹಾರುವಂತೆ ಕೂಗಿದರು.

ಸಾಹೇಬರಿಗೆ ಖುಷಿಯೋ ಖುಷಿ. ನನ್ನ ಬೆನ್ನು ತಟ್ಟಿ, "ಹಳ್ಳಿಯ ಮೇಲೆ ಇಷ್ಟು ಪ್ರೀತಿ ಬೆಳೆಸಿದ್ದೀರಿ. ನೀವೂ ಇದೇ ಊರಲ್ಲೇ ವಾಸ ಅಲ್ಲವೇ?" ಎಂದರು.

ನಾನು ಉಗುಳು ನುಂಗುವಷ್ಟರಲ್ಲಿ ನಲವತ್ತೂ ಮಕ್ಕಳು ಅದೇ ಉತ್ಸಾಹದಲ್ಲಿ, "ಇಲ್ಲಾ ಸಾರ್! ನಾಗಮಂಗ್ಲದಿಂದ ಹತ್ತೂ ಕಾಲಿನ ಬಸ್ಸಿಗೆ ಬತ್ತಾರೆ!" ಎಂದರು.

ಸ್ಕೂಲು ಶುರುವಾಗುವುದು ಹತ್ತಕ್ಕೆ.

ಮೆಮೋ ಬಂತು. ಊರಲ್ಲೇ ಇರಬೇಕು ಎಂದಾಯಿತು. ಊರವರು ಪ್ರೀತಿಯಿಂದ ಒಂದು ಮನೆ ಕೊಟ್ಟರು. ಹಿತ್ತಲ ಬಾಗಿಲು ತೆಗೆದರೆ ಇಡೀ ಬೀದಿಯ ತಿಪ್ಪೆಗಳು ಸಾಲಾಗಿ ಕಾಣುತ್ತಿದ್ದವು. ಮೈಸೂರಿನಲ್ಲಿ ತವರಲ್ಲಿದ್ದ ನನ್ನಾಕೆ ಟ್ರಂಕು ಹೊತ್ತುಕೊಂಡು ಬಂದಳು. ಬೆಳಗಿನ ಐದಕ್ಕೆ ಗುಡಿಯ ಮೈಕು. ಆರಕ್ಕೆ ಅಕ್ಕಪಕ್ಕದ ಹೆಂಗಸರು ನೇರ ಅಡುಗೆಮನೆಗೆ ಬಂದು ಪಾತ್ರೆ ಮುಚ್ಚಳ ತೆಗೆದು, "ಇವತ್ತೇನವ್ವ ಸಾರು?" ಎನ್ನುವರು. ಒಂಬತ್ತನೆಯ ದಿನ ಅವಳು ಟ್ರಂಕು ಕಟ್ಟಿದಳು.

"ಒಳ್ಳೇ ಗಾಳಿ ಸಾಕಾಯ್ತುರೀ. ನೀವು ಮೈಸೂರಿಗೆ ವರ್ಗ ಮಾಡಿಸ್ಕೊಂಡು ಬನ್ನಿ."

ಅವತ್ತಿನಿಂದ ವರ್ಷವರ್ಷವೂ ಮೈಸೂರಿಗೆ ಅರ್ಜಿ ಹಾಕಿದೆ. ಸಂಜೆ ಒಬ್ಬನೇ ಮುದ್ದೆ ತೊಳಸುವಾಗ ಅಳು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ವಿಷಯ ತಿಳಿದು ಎಲ್ಲರ ಮನೆಯಿಂದಲೂ ಸಾರು ಬಂತು. ಎಡಗಡೆಯ ನಾಲ್ಕು ಪದದಲ್ಲಿ ಫ್ರೆಂಡ್ಲಿ ಒಂದು ಮಾತ್ರ ನಿಜ ಎಂದು ಆಗ ಗೊತ್ತಾಯಿತು. ನನ್ನ ಹೆಂಡತಿ ತವರಿಗೆ ಓಡಿಹೋದದ್ದು ಮುಖ್ಯವಾಗಿ ಅದಕ್ಕೇ.

೩. ಸೌಡಿ

ಆಮೇಲೆ ಪಾಂಡವಪುರ ತಾಲ್ಲೂಕು. ಅಲ್ಲಿ ಸಿಕ್ಕವನು ಸೌಡಿ, ಅಂದರೆ ನಾಲೆಯ ತೂಬು ತೆಗೆದು ಮುಚ್ಚಿ ಗದ್ದೆಗಳಿಗೆ ನೀರು ಹಂಚುವವನು. ನಲವತ್ತು ದಾಟಿದ ಆಳು. ಹದಿನೆಂಟು ವರ್ಷದಿಂದ ದಿನಗೂಲಿ. ಎಸ್ಸೆಸ್ಸೆಲ್ಸಿ ಪಾಸಾದವರನ್ನು ಖಾಯಂ ಮಾಡುತ್ತಾರೆ, ಇದೇ ಕೊನೆಯ ಪಟ್ಟಿ ಎಂದು ಇಲಾಖೆಯವರು ಹೇಳಿದ್ದರು. ಬೇರೆಲ್ಲ ವಿಷಯವೂ ಪಾಸು. ಇಂಗ್ಲಿಷಿನಲ್ಲಿ ಮಾತ್ರ ಆರು ಸಲ ಡುಮ್ಕಿ ಹೊಡೆದಿದ್ದ.

"ಇದೊಂದ್ ದಪ ದಡ ಮುಟ್ಟುಸ್ಬುಡಿ ಸಾರ್. ಇಲ್ದಿದ್ರೆ ಈ ತೂಬಿನ್ ಮೇಲೇ ನನ್ ಕಥೆ ಮುಗಿತದೆ" ಎಂದ. ಒಪ್ಪಿಕೊಂಡೆ.

ತೂಬು ಬಿಟ್ಟು ಬರುವಂತಿಲ್ಲವಾದ್ದರಿಂದ ಸಂಜೆ ನಾನೇ ನಾಲೆ ಏರಿಯ ಮೇಲೆ ಹೋಗಿ ಕೂರುತ್ತಿದ್ದೆ. ಮಣ್ಣಿನ ಮೇಲೆ ಕಡ್ಡಿಯಿಂದ ಗೆರೆ ಎಳೆದು, ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಹೇಳಿಕೊಟ್ಟೆ. ಪದಗಳನ್ನು ಎರಡೇ ದಿನದಲ್ಲಿ ಕಲಿತ. ಆದರೆ ಹಂಚಿಕೆ ಅವನ ಮನಸ್ಸಿಗೆ ಒಗ್ಗಲಿಲ್ಲ.

"ಒಳ್ಳೇವೆಲ್ಲಾ ಒಂದೇ ಕಡೀಕೆ ಬುಟ್ಟಿದ್ದೀರಲ್ಲ ಸಾರ್?"

"ಪರೀಕ್ಷೆಗೆ ಹಾಗೇ ಬರೀಬೇಕು."

"ಅದೆಂಗಾದದು? ಮೇಲ್ಗದ್ದೆಯೋರ್ಗೆ ಎಲ್ಲಾ ನೀರು ಬುಟ್ಟು ಕೊನೆಗದ್ದೆಯೋರ್ಗೆ ಬರೀ ಕೆಸ್ರು ಕೊಟ್ರೆ ನನ್ನ ಕಡ್ದಾಕ್ಬುಡ್ತಾರೆ. ಅದೂ ಅಲ್ದೆ, ಪೊಲ್ಯೂಷನ್ನು ಟೌನಿಗೆ ಮಾತ್ರ ಅಂತೀರಿ. ನಮ್ಮೂರ ಆಲೆಮನೆ ಒಗೇಲಿ ಒಂದ್ ಗಳ್ಗೆ ಕುಂತ್ಕಳಿ ಬನ್ನಿ."

ಅಷ್ಟರಲ್ಲಿ ಒಬ್ಬ ರೈತ ಗುದ್ದಲಿ ಎತ್ತಿಕೊಂಡೇ ಬಂದ. "ಲೇ ಸೌಡಿ, ನಮ್ ಕಡೀಕೆ ನೀರ್ ಬುಡ್ಲಾ!"

ಸೌಡಿ ಎದ್ದು ನಿಂತು, "ಕ್ವಯಟ್!" ಎಂದು ಅಬ್ಬರಿಸಿದ. "ಹಳ್ಳಿಯೋನಲ್ವೇನ್ಲಾ ನೀನು? ಕ್ವಯಟ್ಟು ನಿನ್ ಕಡೀಕೆ ಬರ್ದವ್ರೆ ಮೇಷ್ಟ್ರು!"

ರೈತ ಗುದ್ದಲಿ ನನ್ನ ಕಡೆ ತಿರುಗಿಸಿದ. ಆ ದಿನದ ಪಾಠ ಅಲ್ಲಿಗೆ ಮುಗಿಯಿತು.

೪. ಸರದಿ

ಸ್ಕೂಲಿಗೆ ಹೋಗದೆ ಹೊರಗಿನಿಂದ ಕಟ್ಟಿದವರಿಗೆ ಪರೀಕ್ಷಾ ಕೇಂದ್ರ ಶ್ರೀರಂಗಪಟ್ಟಣದಲ್ಲಿತ್ತು. ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಅವನು ಒಳಗೆ ಹೋದ ಮೇಲೆ ಎದುರಿನ ಹೋಟೆಲಿನಲ್ಲಿ ಕುಳಿತು ಮೂರು ಕಾಫಿ ಕುಡಿದೆ. ನನ್ನ ಸ್ವಂತ ಪರೀಕ್ಷೆಗೂ ಅಷ್ಟು ಹೆದರಿರಲಿಲ್ಲ.

ಹೊರಗೆ ಬಂದವನ ಮುಖ ಅರಳಿತ್ತು. "ಅದೇ ಬಂದಿತ್ತು ಸಾರ್! ವಿಲೇಜು, ಟೌನು!"

"ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಬರೆದಿರಾ?"

"ಅಂಗೆ ಬರ್ಯಾಕೆ ಮನ್ಸು ಒಪ್ನಿಲ್ಲ ಸಾರ್. ಸರದಿ ಮಾಡ್ಬುಟ್ಟೆ."

"ಏನು ಸರದಿ?"

"ಸೋಮ್ವಾರ, ಮಂಗ್ಳವಾರ, ಬುದ್ವಾರ ವಿಲೇಜ್ ಈಸ್ ಪೀಸ್‌ಫುಲ್. ಗುರ್ವಾರ, ಸುಕ್ರುವಾರ, ಸನ್ವಾರ ಟೌನ್ ಈಸ್ ಪೀಸ್‌ಫುಲ್. ಪೊಲ್ಯೂಷನ್ನೂ ಅಂಗೇ ಅಂಚಿವ್ನಿ. ಯಾರ್ಗೂ ಅನ್ಯಾಯ ಆಗಿಲ್ಲ."

"ಭಾನುವಾರ?"

"ಬಾನ್ವಾರ ತೂಬು ಮುಚ್ಚಿರ್ತದಲ್ಲ ಸಾರ್. ಯಾರ್ಗೂ ಇಲ್ಲ." ಸ್ವಲ್ಪ ಯೋಚಿಸಿ ಸೇರಿಸಿದ: "ಕೊನೇಲಿ 'ನೋ ಫೈಟಿಂಗ್ ಪ್ಲೀಸ್' ಅಂತಾನೂ ಬರ್ದಿವ್ನಿ."

ಹದಿನೆಂಟು ವರ್ಷದ ದಿನಗೂಲಿ ನಾಲೆಯ ಪಾಲಾಯಿತು ಎಂದುಕೊಂಡು ವಾಪಸ್ಸು ಬಸ್ಸಿನಲ್ಲಿ ನಾನು ಮೂವತ್ತೈದಕ್ಕೆ ಎಷ್ಟು ಕಮ್ಮಿ ಬೀಳುತ್ತದೆ ಎಂದು ಬೆರಳು ಮಡಿಸಿ ಎಣಿಸುತ್ತಿದ್ದೆ. ಅವನು ಮಾತ್ರ ಕಿಟಕಿಯ ಪಕ್ಕ ಕೂತು ನೆಮ್ಮದಿಯಾಗಿ ನಿದ್ದೆ ಹೊಡೆದ. ಅವತ್ತು ಸೋಮವಾರ, ಹಳ್ಳಿಯವರ ಸರದಿ.

೫. ಮೂವತ್ತೈದು

ಫಲಿತಾಂಶ ಬಂತು. ಇಂಗ್ಲಿಷಿನಲ್ಲಿ ಸರಿಯಾಗಿ ಮೂವತ್ತೈದು. ಪಾಸು! ಪತ್ರಿಕೆ ತಿದ್ದಿದ ಮಹಾನುಭಾವ ಯಾವುದೋ ಊರಿನ ಕೊನೆಗದ್ದೆಯವರ ಮಗನೇ ಇರಬೇಕು. ಸೌಡಿ ನನ್ನ ಕಾಲಿಗೆ ಬೀಳಲು ಬಂದ. ನಾನು ಅವನ ಕೈ ಹಿಡಿದುಕೊಂಡು, ಎಷ್ಟೋ ವರ್ಷದ ಮೇಲೆ ನಿಜವಾಗಿ ನಕ್ಕೆ.

ಎರಡು ತಿಂಗಳಿಗೆ ಖಾಯಂ ಆದ ಆರ್ಡರು ಹಿಡಿದುಕೊಂಡು ಮತ್ತೆ ಬಂದ. ಕಣ್ಣಲ್ಲಿ ನೀರು.

"ಮೈಸೂರಿಗಾಕವ್ರೆ ಸಾರ್. ಆಪೀಸಲ್ಲಿ ಅಟೆಂಡರು. ಅಲ್ಲಿ ತೂಬಿಲ್ಲ. ತೆಗ್ದು ಮುಚ್ಚೋಕೆ ಇರೋದು ಸಾಹೇಬ್ರ ರೂಮಿನ ಬಾಗ್ಲು ಒಂದೇಯ."

ಅದೇ ವಾರ ನನ್ನ ಅರ್ಜಿಗೂ ಉತ್ತರ ಬಂದಿತ್ತು: ಮೈಸೂರಿನಲ್ಲಿ ಜಾಗ ಖಾಲಿ ಇಲ್ಲ. ನನಗೆ ಹೊಟ್ಟೆ ಉರಿಯಿತು, ಮುಚ್ಚಿಡುವುದೇನು. ಬೇಡ ಎಂದು ಅಳುವವನಿಗೆ ಮೈಸೂರು, ಬೇಕು ಎಂದು ಅಳುವವನಿಗೆ ತಿಪ್ಪೆ. ಆದರೂ ಅವನನ್ನು ಸಮಾಧಾನ ಮಾಡಬೇಕಾದವನು ನಾನೇ. "ಹೋಗಿ ಸೌಡಿಯಣ್ಣ, ಅದೂ ಒಳ್ಳೇ ಊರು" ಎಂದೆ. ಒಂದು ಚೀಲ ಅಚ್ಚುಬೆಲ್ಲ ಕೊಟ್ಟು ನನ್ನಾಕೆಗೆ ತಲುಪಿಸಲು ಹೇಳಿದೆ.

"ಅಮ್ಮಾವ್ರ ಚಿಂತೆ ಬುಡಿ ಸಾರ್. ನಾನಿವ್ನಿ" ಎಂದು ಕಣ್ಣೊರೆಸಿಕೊಂಡು ಹೊರಟ.

ತಿಂಗಳ ಮೇಲೆ ನನ್ನಾಕೆಯ ಕಾಗದ ಬಂತು. ಹೀಗಿತ್ತು:

"ಬೆಲ್ಲ ತಲುಪಿತು. ನಿಮ್ಮ ಸೌಡಿಯವರು ತಪ್ಪದೆ ಪ್ರತಿ ಭಾನುವಾರ ಬಂದು ಅಮ್ಮನ ಆರೋಗ್ಯ ವಿಚಾರಿಸುತ್ತಾರೆ. ನಮ್ಮ ಬೀದಿ ನಲ್ಲಿಯ ಹತ್ತಿರ ದಿನಾ ಕೊಡಗಳ ಜಗಳ ಇತ್ತಲ್ಲ, ಅವರು ಬಂದ ಮೊದಲ ವಾರವೇ ಎಡಗಡೆ ಮನೆಗಳಿಗೆ ಮೂರು ದಿನ, ಬಲಗಡೆ ಮನೆಗಳಿಗೆ ಮೂರು ದಿನ ಎಂದು ಸರದಿ ಮಾಡಿಕೊಟ್ಟರು. ಭಾನುವಾರ ಯಾರಿಗೂ ಇಲ್ಲ. ಅವತ್ತು ಎಲ್ಲರೂ ಬೈಯುತ್ತಾರೆ, ಆದರೆ ಒಟ್ಟಾಗಿ ಬೈಯುತ್ತಾರೆ. ಬೀದಿ ಇಷ್ಟು ನೆಮ್ಮದಿಯಾಗಿ ಯಾವತ್ತೂ ಇರಲಿಲ್ಲ. ನೀವೊಬ್ಬರು ಇಲ್ಲ ಅಷ್ಟೆ.

ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ಬಿ.ಎ., ಬಿ.ಎಡ್. ಮಾಡಿಕೊಂಡು ಎಂಟು ವರ್ಷದಿಂದ ಅರ್ಜಿ ಹಾಕುತ್ತಲೇ ಇದ್ದೀರಿ. ಅವರು ಮೂವತ್ತೈದು ತಗೊಂಡು ಮೈಸೂರಿಗೆ ಬಂದೇಬಿಟ್ಟರು. ಈ ಸಲ ನೀವೂ ಆ ಎಸ್ಸೆಸ್ಸೆಲ್ಸಿ ಇಂಗ್ಲಿಷಿಗೆ ಹೊರಗಿನಿಂದ ಕಟ್ಟಿ ನೋಡಬಾರದೆ? ಪಾಠ ಬೇಕಾದರೆ ಸೌಡಿಯವರು ಹೇಳಿಕೊಡುತ್ತಾರಂತೆ."